ಕೋವಿ ಇರುವ ಮನೆ: ಕೇಳುವ ಹಕ್ಕು ಯಾರಿಗೆ?

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಬಾಗಿಲ ಮೆಟ್ಟಿಲಿನ ಬಳಿ ಒಂದು ಗಳಿಗೆ ನಿಲ್ಲದೆ ಒಳಗೆ ಕಾಲಿಡುವುದಿಲ್ಲ. ಮೃಗದೊಡನೆ ಸೆಣಸುತ್ತಿರುವ ಸಳನ ಶಿಲ್ಪ ಅಲ್ಲಿ ಅವರನ್ನು ತಡೆದು ನಿಲ್ಲಿಸುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದ ಕಥೆಗಳಲ್ಲೆಲ್ಲ ಮಕ್ಕಳಿಗೆ ಬಲು ಪ್ರಿಯವಾದದ್ದು ಇದೇ ಕಥೆ. ಮೃಗ ಎದುರಾದಾಗ ಗುರುವು ‘ಹೊಯ್, ಸಳ’ ಎಂದನಂತೆ, ಶಿಷ್ಯನು ಹೊಯ್ದನಂತೆ. ಕಥೆಯಲ್ಲಿ ಸಳನ ಶೌರ್ಯವನ್ನು ಎಲ್ಲರೂ ಕಾಣುತ್ತಾರೆ. ಆದರೆ ಆ ಕೈ ಮೇಲೆದ್ದದ್ದು ಅಪ್ಪಣೆ ಬಂದ ಮೇಲೆ ಎಂಬುದನ್ನು ಗಮನಿಸುವವರು ಕಡಿಮೆ.

ಆಯುಧ ಹಿಡಿಯುವ ಕೈಗೆ ಇಂದಿಗೂ ಒಂದು ಅಪ್ಪಣೆ ಬೇಕು. ಅದರ ಹೆಸರು ಲೈಸೆನ್ಸು. ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವುದೂ ಸಾಧ್ಯ. ಅದನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳುವ ಅಧಿಕಾರ ಯಾರಿಗುಂಟು? ಹೆಂಡತಿಗೆ ಉಂಟೆ? ಹೆತ್ತ ತಾಯಿಗೆ? ಬೇಲಿಯಾಚೆಯ ನೆರೆಯವನಿಗೆ? ಈ ಪ್ರಶ್ನೆಗೆ ಉತ್ತರ ತಿಳಿಯದೆ ಎಷ್ಟೋ ಮನೆಗಳು ರಾತ್ರಿಯೆಲ್ಲ ಎಚ್ಚರವಾಗಿರುತ್ತವೆ. ಉತ್ತರ ಮಾತ್ರ ಕಾಯಿದೆಯ ಪುಸ್ತಕದಲ್ಲಿ ಬಹು ಹಿಂದಿನಿಂದಲೂ ಇದೆ.

ಮಲೆನಾಡ ಸೆರಗಿನಲ್ಲಿ

ಬೇಲೂರು ತಾಲ್ಲೂಕು ಎರಡು ಮುಖಗಳ ನಾಡು. ಹಳೇಬೀಡಿನ ಕಡೆ ಬಯಲು. ಅರೇಹಳ್ಳಿ, ಬಿಕ್ಕೋಡುಗಳ ಕಡೆ ಕಾಫಿ, ಮೆಣಸು, ಮರದ ನೆರಳು. ಈ ತೋಟದ ಸೀಮೆಯಲ್ಲಿ ಗೋಡೆಗೆ ತಗಲಿಹಾಕಿದ ಕೋವಿ ಹೊಸ ನೋಟವೇನೂ ಅಲ್ಲ. ಕಾಡುಹಂದಿ ಗದ್ದೆಗೆ ನುಗ್ಗುತ್ತದೆ. ಆನೆಗಳ ಹಿಂಡು ಸಕಲೇಶಪುರ, ಆಲೂರು, ಬೇಲೂರುಗಳ ನಡುವೆ ಓಡಾಡುತ್ತದೆ. ಒಂಟಿ ಮನೆ, ದೂರದ ನೆರೆ. ಹೀಗಿರುವಾಗ ತಾತನ ಕಾಲದ ಕೇಪಿನ ಕೋವಿಯೋ, ಆಮೇಲೆ ಕೊಂಡ ತೋಟಾ ಕೋವಿಯೋ ಮನೆಯಲ್ಲಿರುವುದು ಸಹಜ. ಬೆಳೆ ರಕ್ಷಣೆಗಾಗಿ ಕೇಪಿನ ಕೋವಿಗೆ ಲೈಸೆನ್ಸು ಕೊಡುವುದನ್ನು 1959ರ ಆಯುಧ ಕಾಯಿದೆಯೇ ಹೆಸರು ಹೇಳಿ ಒಪ್ಪಿದೆ.

ಈ ಕಾಯಿದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಹಾಸನದಂಥ ಜಿಲ್ಲೆಯಲ್ಲಿ ಲೈಸೆನ್ಸು ಕೊಡುವವರು ಜಿಲ್ಲಾಧಿಕಾರಿಗಳು. ಪೊಲೀಸ್ ಕಮೀಷನರು ಇರುವ ಬೆಂಗಳೂರಿನಂಥ ನಗರಗಳಲ್ಲಿ ಆ ಕಮೀಷನರು. ಪೊಲೀಸರ ವರದಿ ತರಿಸಿಕೊಂಡು ನೋಡಿದ ಮೇಲೆಯೇ ಲೈಸೆನ್ಸು. 2016ರ ನಿಯಮಗಳು ಬಂದಂದಿನಿಂದ ಅರ್ಜಿದಾರನ ದೇಹ ಮನಸ್ಸುಗಳ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರವೂ ಬೇಕು. 2019ರ ತಿದ್ದುಪಡಿಯ ಪ್ರಕಾರ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಬಂದೂಕುಗಳು ಸಲ್ಲವು. ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿತು.

ಐದು ವರ್ಷವೆಂದರೆ ಅಲ್ಪ ಕಾಲವಲ್ಲ. ಅಷ್ಟರಲ್ಲಿ ಸಾಲ ಏರಬಹುದು, ಕುಡಿತ ಹತ್ತಬಹುದು, ಅಣ್ಣತಮ್ಮಂದಿರ ಪಾಲಿನ ಜಗಳ ಹೊತ್ತಿಕೊಳ್ಳಬಹುದು, ಮನಸ್ಸೇ ಮುರಿದು ಬೀಳಬಹುದು. ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಬಂದ ಸಮಾಧಾನಿಯೂ ಇಂದು ಆ ಕೋವಿಯ ಕಡೆ ಕೈ ಚಾಚುತ್ತಿರುವವನೂ ಒಬ್ಬನೇ ಆಗಿದ್ದರೂ, ಒಂದೇ ಮನುಷ್ಯನಾಗಿ ಉಳಿದಿರುವುದಿಲ್ಲ. ಈ ಬದಲಾವಣೆ ಹಾಸನದ ಕಛೇರಿಗೆ ತಿಳಿಯುವುದೆಂತು? ಮನೆಯವರು ಹೇಳಿದರೆ ಮಾತ್ರ.

‘ಬೆಳಗಾಗೋವರೆಗೆ ಇರ್ಬೇಕಲ್ಲ’

ತೋಟದ ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡ ಕುಡಿದು ಬಂದವನು ಊಟದ ತಟ್ಟೆಯನ್ನು ತಳ್ಳಿ, ಗೋಡೆಯ ಕೋವಿಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಾನೆ. ‘ಒಂದು ದಿನ ಎಲ್ಲಾರ್ನೂ ಮುಗಿಸಿ ನಾನೂ ಹೋಗ್ತೀನಿ’ ಎಂದಿದ್ದಾನೆ. ಗುಂಡು ಹಾರಿಲ್ಲ, ಯಾರಿಗೂ ಗಾಯವಾಗಿಲ್ಲ. ಸೊಸೆ ಅಡುಗೆಮನೆಯ ಮೂಲೆಯಲ್ಲಿ ಅತ್ತೆಯ ಕಿವಿಯಲ್ಲಿ ಹೇಳುತ್ತಾಳೆ: ‘ಅತ್ತೆ, ನಾಳೆ ಯಾರಿಗಾದ್ರೂ ಹೇಳ್ಬೇಕು.’

‘ಕುಡಿದ ಮಾತಿಗೆಲ್ಲ ಬೆಲೆ ಕೊಡ್ತಾರೇನವ್ವಾ? ಬೆಳಗಾದ್ರೆ ಅವನೇ ಸರಿ ಹೋಗ್ತಾನೆ. ಠಾಣೆ ಮೆಟ್ಟಿಲು ಹತ್ತಿದ್ರೆ ಊರಲ್ಲಿ ತಲೆ ಎತ್ತಿ ತಿರುಗೋದು ಹೆಂಗೆ?’

‘ಬೆಳಗಾಗೋವರೆಗೆ ನಾವು ಇರ್ಬೇಕಲ್ಲ ಅತ್ತೆ.’

ಈ ಇಬ್ಬರ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳು ಅಡಗಿವೆ. ರಕ್ತ ಚೆಲ್ಲುವ ತನಕ ಕಾನೂನು ಒಳಗೆ ಬರುವುದಿಲ್ಲ ಎಂಬುದು ಮೊದಲನೆಯದು. ಕೋವಿಯನ್ನು ತೆಗೆಸಬೇಕಾದರೆ ಮಗನನ್ನು ಜೈಲಿಗೆ ಕಳಿಸಲೇಬೇಕು ಎಂಬುದು ಎರಡನೆಯದು. ಎರಡೂ ನಿಜವಲ್ಲ. ಅಪರಾಧ ನಡೆದ ಮೇಲೆ ಶಿಕ್ಷೆ ಕೊಡುವ ದಾರಿ ಬೇರೆ. ನಡೆಯದಂತೆ ಆಯುಧವನ್ನು ದೂರವಿಡುವ ದಾರಿ ಬೇರೆ. ಈ ಎರಡನೆಯ ದಾರಿಗೆ ನಮ್ಮಲ್ಲಿ ಒಂದಲ್ಲ, ನಾಲ್ಕು ಬಾಗಿಲುಗಳಿವೆ. ಕೋವಿ ಕೈಯಲ್ಲಿದ್ದು ಪ್ರಾಣಕ್ಕೆ ಆ ಗಳಿಗೆಯೇ ಅಪಾಯವಿದ್ದರೆ ಮಾತ್ರ ಬಾಗಿಲುಗಳನ್ನು ಎಣಿಸುತ್ತ ಕೂರಬಾರದು. ಮನೆಯಿಂದ ಹೊರಬಿದ್ದು 112ಕ್ಕೆ ಫೋನು ಮಾಡಬೇಕು. ಲೈಸೆನ್ಸೇ ಇಲ್ಲದ ಕೋವಿಯಾಗಿದ್ದರೂ ವಿಚಾರ ಸರಳ: ಅದನ್ನು ಇಟ್ಟುಕೊಂಡಿರುವುದೇ ಅಪರಾಧ, ಪೊಲೀಸರಿಗೆ ತಿಳಿಸಿದರೆ ಸಾಕು.

ಮೊದಲನೆಯ ಬಾಗಿಲು: ಲೈಸೆನ್ಸು ಕೊಟ್ಟವರು

ಆಯುಧ ಕಾಯಿದೆಯ 17ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳು ಲೈಸೆನ್ಸನ್ನು ಕೆಲಕಾಲ ಅಮಾನತಿನಲ್ಲಿಡಬಹುದು, ಇಲ್ಲವೆ ರದ್ದು ಮಾಡಬಹುದು. ಲೈಸೆನ್ಸುದಾರನು ಬುದ್ಧಿ ಸ್ವಾಧೀನದಲ್ಲಿಲ್ಲದವನೆಂದೋ, ಯಾವುದೇ ಕಾರಣದಿಂದ ಲೈಸೆನ್ಸಿಗೆ ತಕ್ಕವನಲ್ಲವೆಂದೋ ಮನದಟ್ಟಾದರೆ ಸಾಕು. ಸಾರ್ವಜನಿಕ ಶಾಂತಿಗೆ ಅಥವಾ ಸುರಕ್ಷತೆಗೆ ಅವಶ್ಯವೆಂದು ತೋರಿದರೂ ಸಾಕು. ಅರ್ಜಿಯಲ್ಲಿ ನಿಜವನ್ನು ಮುಚ್ಚಿಟ್ಟು ಲೈಸೆನ್ಸು ಪಡೆದದ್ದು, ಷರತ್ತುಗಳನ್ನು ಮುರಿದದ್ದು ಕೂಡ ಕಾರಣಗಳೇ.

ಇದನ್ನು ಯಾರು ಕೇಳಬೇಕು? ಇಂಥವರೇ ಕೇಳಬೇಕು ಎಂಬ ಪಟ್ಟಿ ಈ ಕಲಮಿನಲ್ಲಿಲ್ಲ. ಪಟ್ಟಿ ಇಲ್ಲವೆಂದರೆ ಬಾಗಿಲು ಮುಚ್ಚಿದೆ ಎಂದರ್ಥವಲ್ಲ; ಎಲ್ಲರಿಗೂ ತೆರೆದಿದೆ ಎಂದರ್ಥ. ಹೆಂಡತಿ, ತಂದೆ, ತಮ್ಮ, ನೆರೆಯವರು, ತೋಟದ ರೈಟರು ಯಾರೂ ಜಿಲ್ಲಾಧಿಕಾರಿಗಳಿಗೆ ಒಂದು ಹಾಳೆಯಲ್ಲಿ ಅಹವಾಲು ಬರೆಯಬಹುದು. ಅದರ ಪ್ರತಿಯನ್ನು ಠಾಣೆಗೂ ಕೊಡಬಹುದು. ಆಜ್ಞೆ ಮಾಡುವ ಹೊಣೆ ಅಧಿಕಾರಿಯದು, ತಿಳಿಸುವ ಹಕ್ಕು ಎಲ್ಲರದು.

ಆದರೆ ಬರೆಯುವ ರೀತಿಯಲ್ಲಿ ಒಂದು ಜಾಗ್ರತೆ ಬೇಕು. ‘ಅವನು ಕೆಟ್ಟವನು’ ಎಂದು ಬರೆದರೆ ಪ್ರಯೋಜನವಿಲ್ಲ. ಒಬ್ಬನ ಮೇಲೆ ಕ್ರಿಮಿನಲ್ ಮೊಕದ್ದಮೆ ಬಾಕಿ ಇದೆ ಎಂಬುದೊಂದೇ ಲೈಸೆನ್ಸು ರದ್ದು ಮಾಡಲು ಸಾಲದು ಎಂದು ಅಲಹಾಬಾದಿನ ಉಚ್ಚ ನ್ಯಾಯಾಲಯ ಹಲವು ತೀರ್ಪುಗಳಲ್ಲಿ ಹೇಳಿದೆ. ಆದ್ದರಿಂದ ಯಾವ ದಿನ, ಎಷ್ಟು ಹೊತ್ತಿಗೆ, ಯಾರೆದುರಿಗೆ ಏನು ಆಡಿದ, ಕೋವಿಯನ್ನು ಹೇಗೆ ತೋರಿದ ಎಂಬುದನ್ನು ನಡೆದಂತೆಯೇ ಬರೆಯಬೇಕು. ಅಪಾಯ ಎಲ್ಲಿದೆ ಎಂಬುದು ಓದಿದವರ ಕಣ್ಣಿಗೆ ಕಟ್ಟಬೇಕು.

ಲೈಸೆನ್ಸು ಅಮಾನತಾದರೆ ಅಥವಾ ರದ್ದಾದರೆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸು ಪಡೆದ ಬಂದೂಕು ವ್ಯಾಪಾರಿಯಲ್ಲೋ ಇಡಬೇಕೆಂದು 21ನೆಯ ಕಲಮು ವಿಧಿಸುತ್ತದೆ.

ಎರಡನೆಯ ಬಾಗಿಲು: ಮುಚ್ಚಳಿಕೆ

‘ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹಳೆಯದು. ಅದರೊಳಗೆ ಇರುವ ಬಲ ಮಾತ್ರ ಅನೇಕರಿಗೆ ತಿಳಿಯದು. ಒಬ್ಬನು ಶಾಂತಿಭಂಗ ಮಾಡುವ ಸಂಭವವಿದೆಯೆಂದು ಮಾಹಿತಿ ಬಂದಾಗ ತಹಸೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅವನನ್ನು ಕರೆಸಿ, ಒಂದು ವರ್ಷ ಮೀರದ ಅವಧಿಗೆ ಶಾಂತಿಯಿಂದಿರುವುದಾಗಿ ಮುಚ್ಚಳಿಕೆ ಏಕೆ ಬರೆಸಿಕೊಳ್ಳಬಾರದೆಂದು ಕಾರಣ ಕೇಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 107ನೆಯ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126ನೆಯದು. ಇಲ್ಲಿಯೂ ಮಾಹಿತಿ ಕೊಡುವವರು ಇಂಥವರೇ ಆಗಬೇಕೆಂಬ ಕಟ್ಟಿಲ್ಲ. ಪೊಲೀಸರ ಮೂಲಕ ಹೋಗಬಹುದು, ನೇರವಾಗಿಯೂ ಹೋಗಬಹುದು.

ಈ ಮುಚ್ಚಳಿಕೆಗೂ ಕೋವಿಗೂ ಏನು ಸಂಬಂಧ? ಸಂಬಂಧ ಬಹಳ ಹತ್ತಿರದ್ದು. ಶಾಂತಿಪಾಲನೆಗೆ ಮುಚ್ಚಳಿಕೆ ಬರೆದುಕೊಡುವಂತೆ ಆಜ್ಞೆಯಾದವನು ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಬಂದೂಕನ್ನು ಇಟ್ಟುಕೊಳ್ಳುವುದನ್ನೇ ಆಯುಧ ಕಾಯಿದೆಯ 9ನೆಯ ಕಲಮು ನಿಷೇಧಿಸುತ್ತದೆ. ನೋಟೀಸು ಬಂದ ಮಾತ್ರಕ್ಕೆ ಈ ನಿಷೇಧ ತಟ್ಟುವುದಿಲ್ಲ. ವಿಚಾರಣೆ ಮುಗಿದು ಆಜ್ಞೆಯಾಗಬೇಕು. ಆಜ್ಞೆಯಾಯಿತೆಂದರೆ ಗೋಡೆಯ ಮೇಲಿನ ಕೋವಿ ಇಳಿಯಲೇಬೇಕು. ಮುಚ್ಚಳಿಕೆಯ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಛೇರಿಗೆ ತಲುಪಿಸಿದರೆ ಮೊದಲನೆಯ ಬಾಗಿಲ ಕೆಲಸವೂ ಹಗುರಾಗುತ್ತದೆ.

ಮೂರನೆಯ ಬಾಗಿಲು: ಹೆಂಗಸರ ಸಂರಕ್ಷಣೆ

ಮೊದಲ ಎರಡು ಬಾಗಿಲುಗಳು ಕಛೇರಿಯವು. ಮೂರನೆಯದು ನ್ಯಾಯಾಲಯದ್ದು, ಬೇಲೂರಿನ ಮಹಿಳೆಗೆ ಅದು ಬೇಲೂರಿನಲ್ಲೇ ಉಂಟು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ ಕೆಳಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ಇಲ್ಲಿ ‘ಯಾರು ಕೇಳಬಹುದು’ ಎಂಬುದನ್ನು ಕಾಯಿದೆ ಬಿಡಿಸಿ ಹೇಳಿದೆ. ಒಂದೇ ಮನೆಯಲ್ಲಿ ಬಾಳುತ್ತಿರುವ, ಅಥವಾ ಹಿಂದೆ ಬಾಳಿದ, ಕುಟುಂಬ ಸಂಬಂಧವುಳ್ಳ ಯಾವ ಮಹಿಳೆಯೂ ಕೇಳಬಹುದು. ಹೆಂಡತಿ ಮಾತ್ರವೆಂದು ತಿಳಿಯಬಾರದು. ಮಗನ ಕೈಯಲ್ಲಿ ನರಳುವ ತಾಯಿ, ಅಣ್ಣನ ಮನೆಯಲ್ಲಿರುವ ತಂಗಿ, ಮೈದುನನ ಬೆದರಿಕೆಗೆ ಸಿಕ್ಕ ವಿಧವೆ ಅತ್ತಿಗೆ ಎಲ್ಲರೂ ಇದರೊಳಗೆ ಬರುತ್ತಾರೆ. ಅವಳು ಹೊರಗೆ ಬರಲಾರದ ಸ್ಥಿತಿಯಲ್ಲಿದ್ದರೆ? ಅವಳ ಪರವಾಗಿ ಸಂರಕ್ಷಣಾಧಿಕಾರಿಯೋ, ಬೇರೆ ಯಾರಾದರೂ ಒಬ್ಬರೋ ಅರ್ಜಿ ಕೊಡಬಹುದು. ತವರಿನ ಅಣ್ಣ ಕೊಡಬಹುದು, ಗೆಳತಿ ಕೊಡಬಹುದು. ಹಿಂಸೆ ನಡೆಯುತ್ತಿದೆ ಅಥವಾ ನಡೆಯಲಿದೆ ಎಂದು ನಂಬಲು ಕಾರಣವುಳ್ಳ ಯಾರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳದೆಂದು ಕಾಯಿದೆಯೇ ಅಭಯ ಕೊಟ್ಟಿದೆ. ಕರ್ನಾಟಕದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ದಾರಿ ಬಲ್ಲ ತಾಯಂದಿರಿಗೆ ಆ ಕಛೇರಿ ಅಪರಿಚಿತವಲ್ಲ.

ಅರ್ಜಿ ಬಂದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು. ಮೊದಲ ವಿಚಾರಣೆಯಿಂದ ಅರುವತ್ತು ದಿನಗಳಲ್ಲಿ ಮುಗಿಸಲು ನ್ಯಾಯಾಲಯ ಪ್ರಯತ್ನಿಸಬೇಕು. ಅಷ್ಟು ಕಾಯಲಾಗದಿದ್ದರೆ ಅವಳ ಪ್ರಮಾಣಪತ್ರದ ಮೇಲೆಯೇ, ಎದುರಾಳಿ ಬರುವ ಮುನ್ನ, ಮಧ್ಯಂತರ ಆಜ್ಞೆ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಅವಳ ಸುರಕ್ಷತೆಗೆ ಬೇಕಾದ ಬೇರೆ ಯಾವ ನಿರ್ದೇಶನವನ್ನೂ ಅವರು ಕೊಡಬಹುದು. 2006ರ ನಿಯಮಗಳ 10ನೆಯ ನಿಯಮ ಇನ್ನೂ ಸ್ಪಷ್ಟ: ಮ್ಯಾಜಿಸ್ಟ್ರೇಟರು ಬರೆದು ಆಜ್ಞಾಪಿಸಿದರೆ, ಹಿಂಸೆಯಲ್ಲಿ ಬಳಕೆಯಾದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳುವುದು ಸಂರಕ್ಷಣಾಧಿಕಾರಿಯ ಕರ್ತವ್ಯಗಳಲ್ಲಿ ಒಂದು. ಸಂರಕ್ಷಣಾ ಆಜ್ಞೆಯನ್ನು ಮುರಿದವನಿಗೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಇಷ್ಟೆಲ್ಲ ಇದ್ದರೂ ಕೇಳದೆ ಏನೂ ಬಾರದು. ಅರ್ಜಿಯಲ್ಲಿ ಜೀವನಾಂಶ, ವಾಸದ ಹಕ್ಕು ಎಲ್ಲವನ್ನೂ ಬರೆದು, ಮನೆಯಲ್ಲೊಂದು ಕೋವಿ ಇದೆ ಎಂಬ ಸಾಲನ್ನೇ ಮರೆತರೆ ನ್ಯಾಯಾಧೀಶರು ಅದನ್ನು ಕನಸು ಕಾಣಲಾರರು. ಕೋವಿ ಎಂಥದು, ಲೈಸೆನ್ಸು ಯಾರ ಹೆಸರಿನಲ್ಲಿದೆ, ತೋಟಾಗಳನ್ನು ಎಲ್ಲಿಡುತ್ತಾರೆ, ಬೆದರಿಸಿದ್ದು ಹೇಗೆ ಎಂಬುದನ್ನು ಬರೆದು, ಅದನ್ನು ತೆಗೆಸಿಕೊಡಿರೆಂದು ಬೇರೆಯಾಗಿ ಬೇಡಬೇಕು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ನೆರವು ದೊರೆಯುತ್ತದೆ. ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು, 15100ಕ್ಕೆ ಫೋನು ಮಾಡಬಹುದು. ಮಹಿಳಾ ಸಹಾಯವಾಣಿ 181.

ಈ ಕಾಯಿದೆ ಗಂಡಸರಿಗೆ ಅರ್ಜಿದಾರರಾಗಿ ಒದಗುವುದಿಲ್ಲ. ಮಗನಿಗೆ ಹೆದರುವ ಮುದಿ ತಂದೆ, ಅಣ್ಣನಿಗೆ ಹೆದರುವ ತಮ್ಮ ಉಳಿದ ಮೂರು ಬಾಗಿಲುಗಳನ್ನೇ ತಟ್ಟಬೇಕು.

ನಾಲ್ಕನೆಯ ಬಾಗಿಲು: ಒಂದು ಹಳೆಯ ಕಲಮು

ನಾಲ್ಕನೆಯದು ಆಯುಧ ಕಾಯಿದೆಯ 22ನೆಯ ಕಲಮು. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಒಬ್ಬನ ಕೈಯಲ್ಲಿ ಆಯುಧವಿರುವುದು ಸಾರ್ವಜನಿಕ ಶಾಂತಿಗೆ ಅಥವಾ ಸುರಕ್ಷತೆಗೆ ಅಪಾಯವೆಂದು ನಂಬಲು ಕಾರಣವಿದ್ದರೆ, ಮ್ಯಾಜಿಸ್ಟ್ರೇಟರು ಆ ಕಾರಣವನ್ನು ಬರೆದಿಟ್ಟು, ಮನೆಯನ್ನು ಶೋಧಿಸಿ, ಆಯುಧವನ್ನು ವಶಪಡಿಸಿಕೊಂಡು, ಅಗತ್ಯವೆಂದು ತೋರಿದಷ್ಟು ಕಾಲ ಭದ್ರವಾಗಿ ಇರಿಸಬಹುದು. ಆ ಮನುಷ್ಯನಿಗೆ ಆಯುಧವಿಟ್ಟುಕೊಳ್ಳುವ ಹಕ್ಕು ಕಾನೂನಿನಿಂದಲೇ ಬಂದಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಶೋಧನೆ ಮ್ಯಾಜಿಸ್ಟ್ರೇಟರ ಅಥವಾ ವಿಶೇಷ ಅಧಿಕಾರ ಪಡೆದ ಅಧಿಕಾರಿಯ ಸಮ್ಮುಖದಲ್ಲೇ ನಡೆಯಬೇಕು.

ಈ ಕೊನೆಯ ಅಂಶದ ಬೆಲೆ ಕೊಡಗಿನ ಕಡೆ ನೋಡಿದರೆ ತಿಳಿಯುತ್ತದೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಜನಕ್ಕೆ ಬಹು ಕಾಲದಿಂದ ಬಂದ ಈ ವಿನಾಯಿತಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಲೈಸೆನ್ಸೇ ಇಲ್ಲದ ಮೇಲೆ ರದ್ದು ಮಾಡುವುದೇನನ್ನು? ಅಲ್ಲಿ 22ನೆಯ ಕಲಮು ಕೈಗೆ ಬರುತ್ತದೆ. ಅದು ಲೈಸೆನ್ಸನ್ನು ಕೇಳುವುದಿಲ್ಲ, ಅಪಾಯವನ್ನು ಕೇಳುತ್ತದೆ.

ಇದು 1959ರಲ್ಲಿ ಹೊಸದಾಗಿ ಹುಟ್ಟಿದ ಆಲೋಚನೆಯೂ ಅಲ್ಲ. 1878ರ ಬ್ರಿಟಿಷರ ಆಯುಧ ಕಾಯಿದೆಯಲ್ಲಿಯೂ ಇಂಥ ಕಲಮೊಂದು ಇತ್ತು. ಆ ಕಾಯಿದೆ ಭಾರತೀಯರ ಕೈಯಿಂದ ಆಯುಧ ಕಸಿಯಲು ಬಂದದ್ದು. ಅದರ ಮೇಲಿನ ಕೋಪ ನ್ಯಾಯವಾದದ್ದೇ. ಸ್ವತಂತ್ರ ಭಾರತ ಅದನ್ನು ತೆಗೆದುಹಾಕಿ ಹೊಸ ಕಾಯಿದೆ ಮಾಡುವಾಗಲೂ ಈ ಒಂದು ಕಲಮನ್ನು ಉಳಿಸಿಕೊಂಡಿತು. ಆಳುವವರ ಭಯಕ್ಕೆ ಹುಟ್ಟಿದ ಕಲಮು ಮನೆಯ ಹೆಣ್ಣುಮಗಳ ಭಯಕ್ಕೂ ಆಸರೆಯಾಗಬಹುದು.

ಕಡಲಾಚೆಯ ಮಾತು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಇಂದು ಕಡಿಮೆಯಲ್ಲ. ಬಂದೂಕು ಅಲ್ಲಿ ಅಂಗಡಿಯ ಸರಕು. ಅದನ್ನು ಹೊಂದುವುದು ಸಂವಿಧಾನದ ಹಕ್ಕು. ಅಂಥ ದೇಶದಲ್ಲಿಯೂ ಅಪಾಯಕಾರಿಯಾದವನ ಬಂದೂಕನ್ನು ಕೆಲಕಾಲ ತೆಗೆಸುವ ಕಾಯಿದೆಯನ್ನು ಕನೆಕ್ಟಿಕಟ್ ರಾಜ್ಯ 1999ರಲ್ಲಿ ಮಾಡಿತು. ಇಂದು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾಯಿದೆಗಳಿವೆ.

ಕ್ಯಾಲಿಫೋರ್ನಿಯದ ಕಾಯಿದೆಯ ಹಿಂದೆ ಒಂದು ದುಃಖದ ಕಥೆಯಿದೆ. 2014ರಲ್ಲಿ ಇಸ್ಲ ವಿಸ್ಟ ಎಂಬಲ್ಲಿ ಒಬ್ಬ ಯುವಕನ ನಡತೆಯಿಂದ ಅವನ ಮನೆಯವರು ಗಾಬರಿಗೊಂಡರು. ಪೊಲೀಸರು ಹೋಗಿ ಅವನನ್ನು ಮಾತಾಡಿಸಿ ಬಂದರು. ಕೋಣೆಯನ್ನು ಶೋಧಿಸಲಿಲ್ಲ. ಕೆಲವು ವಾರಗಳ ಮೇಲೆ ಅವನು ಚೂರಿಯಿಂದಲೂ ಬಂದೂಕಿನಿಂದಲೂ ಆರು ಮಂದಿ ವಿದ್ಯಾರ್ಥಿಗಳನ್ನು ಕೊಂದ. ಅದೇ ವರ್ಷ ಅಲ್ಲಿನ ಶಾಸನಸಭೆ ಕಾಯಿದೆಯನ್ನು ಅಂಗೀಕರಿಸಿತು. 2016ರಲ್ಲಿ ಅದು ಜಾರಿಗೆ ಬಂತು. ಮೊದಲು ಪೊಲೀಸರಿಗೂ ಹತ್ತಿರದ ಕುಟುಂಬದವರಿಗೂ ಕೇಳುವ ಹಕ್ಕು ಸಿಕ್ಕಿತು. 2020ರಲ್ಲಿ ಕೆಲಸ ಕೊಟ್ಟವರಿಗೆ, ಜೊತೆಯಲ್ಲಿ ದುಡಿಯುವವರಿಗೆ, ಶಾಲೆ ಕಾಲೇಜುಗಳ ಅಧ್ಯಾಪಕರಿಗೆ ಕೆಲವು ಷರತ್ತುಗಳೊಡನೆ ಅದು ವಿಸ್ತರಿಸಿತು. ಫ್ಲೋರಿಡದಲ್ಲಾದರೋ ಪೊಲೀಸರು ಮಾತ್ರ ಅರ್ಜಿ ಹಾಕಬಹುದು. ಮನೆಯವರು ಪೊಲೀಸರಿಗೆ ಹೇಳಬೇಕು. ಹೀಗೆ ರಾಜ್ಯಕ್ಕೊಂದು ರೀತಿ. ಆದ್ದರಿಂದ ಅಲ್ಲಿ ಮಗಳನ್ನೋ ಮಗನನ್ನೋ ನೆಲೆಗೊಳಿಸಿರುವ ತಂದೆತಾಯಿಗಳು ಆಯಾ ರಾಜ್ಯದ ಕಟ್ಟಳೆಯನ್ನು ಕೇಳಿ ತಿಳಿದಿರುವುದು ಒಳ್ಳೆಯದು. ಕೌಟುಂಬಿಕ ಹಿಂಸೆಗಾಗಿ ನ್ಯಾಯಾಲಯದ ತಡೆಯಾಜ್ಞೆಗೆ ಒಳಗಾದವನಿಂದ ಬಂದೂಕನ್ನು ದೂರವಿಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2024ರ ಜೂನ್‌ನಲ್ಲಿ ಎಂಟು ನ್ಯಾಯಾಧೀಶರ ಬಹುಮತದಿಂದ ಹೇಳಿತು. ಒಬ್ಬರು ಮಾತ್ರ ಒಪ್ಪಲಿಲ್ಲ.

ಈ ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಯಾರು ಕೇಳಬಹುದೆಂದು ಅಲ್ಲಿ ಪಟ್ಟಿ ಮಾಡಿ, ವರ್ಷ ಕಳೆದಂತೆ ಪಟ್ಟಿಗೆ ಹೆಸರು ಸೇರಿಸುತ್ತಾರೆ. ನಮ್ಮಲ್ಲಿ ಬಹುಪಾಲು ಪಟ್ಟಿಯೇ ಇಲ್ಲ, ಯಾರು ಬೇಕಾದರೂ ಕೇಳಬಹುದು, ಕೇಳುವವರೇ ಇಲ್ಲ.

ಅವನ ಪ್ರಾಣವೂ ಪ್ರಾಣವೇ

ಕೋವಿಯ ಅಪಾಯ ಇತರರಿಗೆ ಮಾತ್ರವಲ್ಲ, ಅದನ್ನು ಹಿಡಿದವನಿಗೂ ಉಂಟು. ಬೆಳೆ ಕೈಕೊಟ್ಟು ಬ್ಯಾಂಕಿನ ಕಾಗದ ಬಂದ ದಿನ, ಹೆಂಡತಿ ತೀರಿಕೊಂಡ ವರ್ಷ, ಮಾತು ಬಿಟ್ಟು ಮೂಲೆ ಹಿಡಿದ ಕಾಲದಲ್ಲಿ ಗೋಡೆಯ ಕೋವಿ ಬೇರೆಯೇ ಒಂದು ಕರೆ ಕೊಡಬಹುದು. ಮನಸ್ಸಿನ ಆ ಕತ್ತಲೆ ಎಷ್ಟೋ ವೇಳೆ ಕೆಲವು ದಿನ, ಕೆಲವು ಗಂಟೆಗಳದು. ಆ ಗಂಟೆಗಳಲ್ಲಿ ಆಯುಧ ಕೈಗೆ ಸಿಗದಿದ್ದರೆ ಮನುಷ್ಯ ಉಳಿಯುತ್ತಾನೆ, ಉಳಿದವನಿಗೆ ಮದ್ದುಂಟು. ಮನಸ್ಸಿನ ನೋವಿಗೆ ಹಗಲಿರುಳೂ ಕನ್ನಡದಲ್ಲಿಯೇ ಕಿವಿಗೊಡುವ ಸರಕಾರದ ‘ಟೆಲಿ ಮಾನಸ್’ ಸಂಖ್ಯೆ 14416.

ಇಂಥಲ್ಲಿ ದೂರಿನ ಮಾತೇ ಬೇಕಾಗದೆ ಹೋಗಬಹುದು. ಲೈಸೆನ್ಸುದಾರನು ತಾನೇ ಕೇಳಿಕೊಂಡರೂ ಲೈಸೆನ್ಸನ್ನು ರದ್ದು ಮಾಡಬಹುದೆಂದು 17ನೆಯ ಕಲಮಿನಲ್ಲಿದೆ. ಲೈಸೆನ್ಸು ತಂದೆಯ ಹೆಸರಿನಲ್ಲಿದ್ದು ಅಪಾಯ ಮಗನಿಂದಾದರೆ, ತಂದೆ ಇದನ್ನು ಇಂದೇ ಮಾಡಬಹುದು. ‘ನಂಗೆ ವಯಸ್ಸಾಯ್ತು, ಇನ್ನು ಕೋವಿ ಯಾಕಪ್ಪಾ’ ಎಂಬ ಒಂದು ಮಾತಿನಲ್ಲಿ ಮನೆಯ ಮಾನವೂ ಉಳಿಯುತ್ತದೆ, ಮಗನೂ ಉಳಿಯುತ್ತಾನೆ.

ತಕ್ಕಡಿಯ ಇನ್ನೊಂದು ತಟ್ಟೆ

ಹಾಗಾದರೆ ಪಾಲಿನ ಜಗಳದಲ್ಲಿ ಸೋತ ದಾಯಾದಿ ಒಂದು ಸುಳ್ಳು ಅರ್ಜಿ ಬರೆದು ಒಳ್ಳೆಯವನ ಕೋವಿಯನ್ನು ಕಸಿಯಬಹುದೆ? ಈ ಅಂಜಿಕೆ ನ್ಯಾಯವಾದದ್ದು. ಹಂದಿ ನುಗ್ಗುವ ಗದ್ದೆಯವನಿಗೆ ಕೋವಿ ಆಟಿಕೆಯಲ್ಲ. ಆದ್ದರಿಂದಲೇ ಕಾಯಿದೆ ತಡೆಗಳನ್ನೂ ಇಟ್ಟಿದೆ. ಜಿಲ್ಲಾಧಿಕಾರಿಗಳು ಕಾರಣವನ್ನು ಬರೆಯಲೇಬೇಕು. ಅದರ ಮೇಲೆ 18ನೆಯ ಕಲಮಿನಂತೆ ಅಪೀಲು ಉಂಟು. ಮುಚ್ಚಳಿಕೆಗೆ ಮುನ್ನ ವಿಚಾರಣೆಯುಂಟು. ನ್ಯಾಯಾಲಯದ ಮಧ್ಯಂತರ ಆಜ್ಞೆಯಾದ ಮೇಲೆ ಎದುರಾಳಿ ಬಂದು ತನ್ನ ಮಾತು ಹೇಳಬಹುದು. ತಿಳಿದೂ ತಿಳಿದೂ ಅಧಿಕಾರಿಗೆ ಸುಳ್ಳು ಮಾಹಿತಿ ಕೊಟ್ಟು ಇನ್ನೊಬ್ಬನಿಗೆ ಕೇಡು ಮಾಡಿಸುವುದು ಸ್ವತಃ ಅಪರಾಧ. ಎಲ್ಲಕ್ಕಿಂತ ಮುಖ್ಯವಾಗಿ, ಅಮಾನತು ಎಂಬುದು ಕೊನೆಯ ಮಾತಲ್ಲ. ಕೆಟ್ಟ ಕಾಲ ಕಳೆದರೆ ಕೋವಿ ಮರಳಿ ಮನೆಗೆ ಬರಬಹುದು. ಹೋದ ಪ್ರಾಣ ಮಾತ್ರ ಬಾರದು.

ಚುನಾವಣೆಗೆ ಇರುವ ಎಚ್ಚರ ಮನೆಗೂ ಇರಲಿ

ಕೊನೆಗೆ ಉಳಿಯುವುದು ಅತ್ತೆಯ ಪ್ರಶ್ನೆ: ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ಇದಕ್ಕೆ ಉತ್ತರವನ್ನು ಮಲೆನಾಡಿನವರು ಪ್ರತಿ ಚುನಾವಣೆಯಲ್ಲೂ ತಾವೇ ಕಂಡಿದ್ದಾರೆ. ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸುಗಳ ಪರಿಶೀಲನೆ ನಡೆಯುತ್ತದೆ. ಜಾಮೀನಿನ ಮೇಲಿರುವವರು, ಹಿಂದೆ ದೊಂಬಿಯಲ್ಲಿ ಸಿಕ್ಕಿದವರು ಮುಂತಾದವರ ಬಂದೂಕುಗಳ ವಿಚಾರವನ್ನು ನೋಡಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಆದರೆ ಅನೇಕ ಕಡೆ ಬೆಳೆಗಾರರೆಲ್ಲರೂ ತಮ್ಮ ಕೋವಿಗಳನ್ನು ಠಾಣೆಯಲ್ಲಿಟ್ಟು, ರಸೀದಿ ಪಡೆದು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬರುವುದು ವಾಡಿಕೆಯಾಗಿದೆ. ಬೆಳೆ ಕಾಯಲು ತೊಂದರೆಯೆಂದು ಅವರು ಗೊಣಗುವುದುಂಟು. ಮಾನ ಹೋಯಿತೆಂದು ಯಾರೂ ಅಳುವುದಿಲ್ಲ. ಕೋವಿಯನ್ನು ಠಾಣೆಯಲ್ಲಿಟ್ಟು ಬಂದ ಗೌಡರ ಮನೆಗೆ ಹೆಣ್ಣು ಕೊಡುವುದಿಲ್ಲವೆಂದು ಯಾರೂ ಹೇಳಿಲ್ಲ.

ಮತಪೆಟ್ಟಿಗೆಯ ಶಾಂತಿಗಾಗಿ ಕೆಲವು ವಾರ ಕೋವಿ ಇಲ್ಲದೆ ಬಾಳಬಹುದಾದರೆ ಮನೆಯ ಶಾಂತಿಗಾಗಿ ಬಾಳಲಾರೆವೆ? ಊರಿನ ಮೇಲೆ ಬಂದೀತೆಂಬ ಅಪಾಯಕ್ಕೆ ಎಲ್ಲರೂ ಎಚ್ಚರ ವಹಿಸುತ್ತಾರೆ. ಒಂದು ಹೆಣ್ಣಿನ ಮೇಲೆ ಬಂದ ಅಪಾಯವನ್ನು ಅವಳ ಮನೆಯ ಗುಟ್ಟೆಂದು ಬಿಡುತ್ತಾರ���. ಗುಟ್ಟನ್ನು ಕಾಯುವುದು ಒಳ್ಳೆಯ ಗುಣ. ಆದರೆ ಗುಟ್ಟಿಗೂ ಪ್ರಾಣಕ್ಕೂ ನಡುವೆ ಆರಿಸಬೇಕಾದಾಗ ಪ್ರಾಣವನ್ನು ಆರಿಸಿದವಳು ಮನೆತನಕ್ಕೆ ಕೇಡು ಮಾಡಿದವಳಲ್ಲ, ಅದನ್ನು ಉಳಿಸಿದವಳು.

ಕೇಳುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗೆ ಕಾಯಿದೆ ಉತ್ತರ ಕೊಟ್ಟಿದೆ: ಹೆದರಿದವಳಿಗೆ ಉಂಟು, ಅವಳ ಪರವಾಗಿ ಮಾತಾಡುವವನಿಗೆ ಉಂಟು, ಕಣ್ಣಾರೆ ಕಂಡ ನೆರೆಯವನಿಗೆ ಉಂಟು. ಇನ್ನು ಬೇಕಾದದ್ದು ಒಂದು ಹಾಳೆ ಕಾಗದ, ನಡೆದದ್ದನ್ನು ನಡೆದಂತೆ ಬರೆಯುವ ಧೈರ್ಯ, ಮತ್ತು ಆ ಕಾಗದವನ್ನು ಹಿಡಿದು ಹೊರಟವಳ ಜೊತೆಯಲ್ಲಿ ನಡೆಯಲು ಮನೆಯ ಒಬ್ಬ ಹಿರಿಯರು.